ಫಿಂಚ್ ಹಕ್ಕಿಗೆ ಎಂಥ ಗೂಡು ಬೇಕು?

ಪ್ರಶ್ನೆ ಪೆಟ್ಟಿಗೆಯಲ್ಲಿ ಈ ಸಲ ಸಿಕ್ಕಿದ ಒಂದು ಚೀಟಿ ಹೀಗಿತ್ತು: "ಮೇಷ್ಟ್ರೇ, ನಮ್ಮ ಹಿತ್ತಲಲ್ಲಿ ಜಾಲರಿ ಮನೆ ಮಾಡಿ ನಾಲ್ಕು ಜೋಡಿ ಫಿಂಚ್ ಹಕ್ಕಿ ಬಿಟ್ಟಿದ್ದೀವಿ. ಎರಡು ಕುಡಿಕೆ ಕಟ್ಟಿದ್ದೀವಿ. ದಿನಾ ತೆಂಗಿನ ನಾರು ಹಾಕ್ತೀವಿ. ಮೊಟ್ಟೆ ಇಡ್ತಾನೇ ಇರ್ತವೆ, ಮರಿ ಮಾತ್ರ ಒಂದೂ ಆಗಿಲ್ಲ. ಹೋದ ವಾರ ಒಂದು ಹೆಣ್ಣು ಸತ್ತುಹೋಯ್ತು. ಯಾಕೆ?"

ಹೆಸರು ಬರೆದಿಲ್ಲ. ಇರಲಿ, ಪ್ರಶ್ನೆ ಒಳ್ಳೆಯದು. ಉತ್ತರದ ಮುಕ್ಕಾಲು ಪಾಲು ಆ ಚೀಟಿಯಲ್ಲೇ ಇದೆ. ಎಲ್ಲಿದೆ ಅಂತ ಓದುತ್ತಾ ನೀವೇ ಹುಡುಕಿ.

ಮೊದಲು ಹಕ್ಕಿ ಯಾವುದು ಅಂತ ತಿಳಿಯೋಣ. ಪೇಟೆ ಅಂಗಡಿಗಳಲ್ಲಿ ಬರೀ 'ಫಿಂಚ್' ಎಂದು ಮಾರುವುದು ಹೆಚ್ಚಾಗಿ ಜೀಬ್ರಾ ಫಿಂಚ್. ಉದ್ದ ಸುಮಾರು 10 ಸೆಂಟಿಮೀಟರ್, ತೂಕ ಸುಮಾರು 12 ಗ್ರಾಂ. ಗುಬ್ಬಚ್ಚಿಯ ಅರ್ಧ ತೂಕ. ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಮಚ್ಚೆ, ಪಕ್ಕೆಯ ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ, ಕೊಕ್ಕು ಕೆಂಪು. ಹೆಣ್ಣು ಬೂದು ಬಣ್ಣ, ಕೊಕ್ಕು ಕಿತ್ತಳೆ. ಪೂರ್ತಿ ಬಿಳಿಯಾದ ತಳಿಯಲ್ಲಿ ಮಚ್ಚೆ ಚುಕ್ಕೆ ಇರೋದಿಲ್ಲ, ಕೊಕ್ಕು ನೋಡಿಯೇ ಹೇಳಬೇಕು. ಇದನ್ನು ಯಾಕೆ ಹೇಳಿದೆ ಅಂದರೆ, ಎರಡು ಹೆಣ್ಣನ್ನು ಜೊತೆಗೆ ಬಿಟ್ಟರೂ ಗೂಡು ಸೇರುತ್ತವೆ, ಮೊಟ್ಟೆ ಇಡುತ್ತವೆ, ಕಾವಿಗೂ ಕೂರುತ್ತವೆ. ಮರಿ ಮಾತ್ರ ಆಗುವುದಿಲ್ಲ. ಅಂಗಡಿಯವರು ಜೋಡಿ ಎಂದು ಕೊಟ್ಟದ್ದೆಲ್ಲ ಜೋಡಿಯಲ್ಲ. ಆದ್ದರಿಂದ ಚೀಟಿ ಬರೆದವರು ಮೊದಲು ಕೊಕ್ಕು, ಕೆನ್ನೆ ನೋಡಲಿ.

ಈ ಹಕ್ಕಿಯ ಮೂಲ ಆಸ್ಟ್ರೇಲಿಯ. ಅಲ್ಲಿನ ಒಳನಾಡಿನ ಬಯಲು ನಮ್ಮ ಚಳ್ಳಕೆರೆ ಕಡೆಯ ಬಯಲಿಗಿಂತಲೂ ಒಣ. ಮಳೆ ಯಾವಾಗ ಬರುತ್ತೆ ಎಂದು ಹೇಳುವಂತಿಲ್ಲ. ಬಂದರೆ ಹುಲ್ಲು ಚಿಗುರಿ ಬೀಜ ಕಟ್ಟುತ್ತೆ. ಆಗ ಜೀಬ್ರಾ ಫಿಂಚ್ ಗೂಡು ಕಟ್ಟಿ ಮರಿ ಮಾಡುತ್ತೆ. ಬೀಜ ಮುಗಿದು ನೀರು ಬತ್ತಿದರೆ ಅದರ ಸಂಸಾರವೂ ನಿಲ್ಲುತ್ತೆ. ಈಗ ನಮ್ಮ ಹಕ್ಕಿಮನೆ ನೋಡಿ. ದಿನಾ ನವಣೆ, ದಿನಾ ನೀರು. ಹಕ್ಕಿಯ ಲೆಕ್ಕದಲ್ಲಿ ವರ್ಷಪೂರ್ತಿ ಮಳೆಗಾಲ! ತಾನಾಗಿ ನಿಲ್ಲಿಸಲು ಅದಕ್ಕೆ ಕಾರಣವೇ ಇಲ್ಲ. ನಿಲ್ಲಿಸಬೇಕಾದವರು ನಾವು. ಕುಡಿಕೆ ಕಟ್ಟಿದಿರಿ ಅಂದರೆ "ಮೊಟ್ಟೆ ಇಡು" ಅಂತ ಹೇಳಿದ ಹಾಗೆ, ಬಿಚ್ಚಿದಿರಿ ಅಂದರೆ "ಸಾಕು" ಅಂತ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

(ಆಸ್ಟ್ರೇಲಿಯ ತನ್ನ ಫಿಂಚ್ ಹಕ್ಕಿಗಳನ್ನು ಹೊರದೇಶಕ್ಕೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿತು. ಆದ್ದರಿಂದ ನಮ್ಮಲ್ಲಿರುವುವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಹೊರಗೆ ಬಿಟ್ಟರೆ ಇವಕ್ಕೆ ಬದುಕುವುದು ಕಷ್ಟ. 'ಪಾಪ' ಅಂತ ಬಾಗಿಲು ತೆಗೆದುಬಿಡಬೇಡಿ.)

ಕಾಡಿನಲ್ಲಿ ಜೀಬ್ರಾ ಫಿಂಚ್ ಮುಳ್ಳುಪೊದೆಯ ನಡುವೆ ಹುಲ್ಲಿನ ಚೆಂಡಿನಂಥ ಗೂಡು ಕಟ್ಟುತ್ತದೆ. ಮೇಲೆ ಚಾವಣಿ, ಪಕ್ಕದಲ್ಲಿ ಬಾಗಿಲು. ಚಾವಣಿ ಯಾಕೆ ಗೊತ್ತೆ? ಮೊಟ್ಟೆ ಅಚ್ಚ ಬಿಳಿ. ತೆರೆದ ಗೂಡಿನಲ್ಲಿಟ್ಟರೆ ಮೇಲೆ ಹಾರುವ ಹಕ್ಕಿಗೆ ಸುಣ್ಣದ ಬೊಟ್ಟಿನಂತೆ ಕಾಣುತ್ತೆ. ಬಯಲಲ್ಲಿ ಇಡುವ ಟಿಟ್ಟಿಭದ ಮೊಟ್ಟೆ ಮಣ್ಣಿನ ಬಣ್ಣಕ್ಕೆ ಮಚ್ಚೆ ಮಚ್ಚೆ ಇರುತ್ತದೆ, ಪಕ್ಕದಲ್ಲೇ ನಿಂತರೂ ಕಾಣದು. ಗಿಳಿ, ಮರಕುಟಿಗ, ಮಿಂಚುಳ್ಳಿ ಪೊಟರೆ ಬಿಲಗಳಲ್ಲಿ ಇಡುವುದರಿಂದ ಅವುಗಳ ಮೊಟ್ಟೆ ಬಿಳಿ ಇದ್ದರೂ ನಡೆಯುತ್ತೆ. (ಪಾರಿವಾಳ ಈ ನಿಯಮಕ್ಕೆ ಹೊರತು. ನಾಲ್ಕು ಕಡ್ಡಿ ಅಡ್ಡ ಇಟ್ಟು ಬಿಳಿ ಮೊಟ್ಟೆ ಇಟ್ಟು ಕೂತುಬಿಡುತ್ತೆ. ಅದರ ಧೈರ್ಯ ಅದಕ್ಕೆ.) ಹಾಗಾಗಿ ಫಿಂಚ್‌ಗೆ ನಾವು ಏನೇ ಕೊಟ್ಟರೂ ಮೂರು ಗುಣ ಇರಬೇಕು: ತಲೆಯ ಮೇಲೆ ಮುಚ್ಚಿಗೆ, ಬೆನ್ನ ಹಿಂದೆ ಗೋಡೆ, ಎದುರಿಗೆ ಹೊರಗೆ ನೋಡಲು ಕಿಂಡಿ.

ಇದಕ್ಕೆ ಪೇಟೆಯಿಂದ ಏನೂ ತರಬೇಕಾಗಿಲ್ಲ. ಐದಾರು ಇಂಚು ಅಗಲದ ಮಣ್ಣಿನ ಕುಡಿಕೆ ಸಾಕು. ಪಕ್ಕದಲ್ಲಿ ಎರಡು ಇಂಚಿನ ತೂತು ಬೇಕು. ಸುಟ್ಟ ಕುಡಿಕೆಗೆ ಮೊಳೆ ಹೊಡೆದು ತೂತು ಮಾಡಹೋದರೆ ಹತ್ತರಲ್ಲಿ ಆರು ಒಡೆಯುತ್ತವೆ. ಹಸಿಯಿದ್ದಾಗಲೇ ಕೊಯ್ದು ಕೊಡಿ ಎಂದು ಕುಂಬಾರರಿಗೆ ಮೊದಲೇ ಹೇಳುವುದು ವಾಸಿ. ತೂತಿನ ಕೆಳ ಅಂಚು ತಳದಿಂದ ಎರಡೂವರೆ ಇಂಚಾದರೂ ಮೇಲಿರಲಿ, ಇಲ್ಲದಿದ್ದರೆ ಮರಿಗಳು ಒಂದನ್ನೊಂದು ತಳ್ಳಿ ಕೆಳಗೆ ಬೀಳುತ್ತವೆ. ಮೇಲಿನ ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿ ಕಟ್ಟಿ. ಕುಡಿಕೆಯನ್ನು ತೂಗು ಬಿಡಬೇಡಿ, ಅಲ್ಲಾಡದಂತೆ ಗಳಕ್ಕೆ ಬಿಗಿಯಾಗಿ ಕಟ್ಟಿ. ಒಳಗೆ ಒಂದು ಹಿಡಿ ಒಣ ಹುಲ್ಲು ಹಾಕಿ ಮುಷ್ಟಿಯಿಂದ ಒತ್ತಿ ಗುಳಿ ಮಾಡಿ. ಇದು ಮುಖ್ಯ. ನುಣುಪು ತಳದಲ್ಲಿ ಮೊಟ್ಟೆ ಉರುಳುತ್ತೆ. ಮರಿ ಹುಟ್ಟಿದರೂ ಅದರ ಕಾಲಿಗೆ ಹಿಡಿತ ಸಿಗದೆ ಎರಡೂ ಕಡೆಗೆ ಜಾರಿ ಹಾಗೇ ಸೊಟ್ಟಗಾಗುತ್ತೆ.

ಒಣಗಿದ ಸೋರೆ ಬುರುಡೆಯೂ ಚೆನ್ನ. ಹಗುರ, ಕೊಯ್ಯುವುದು ಸುಲಭ, ಒಂದು ಸಂಸಾರ ಮುಗಿದ ಮೇಲೆ ಒಲೆಗೆ ಹಾಕಬಹುದು. ಹಲಗೆ ಇದ್ದವರು ಐದು ಇಂಚು ಉದ್ದ, ಅಗಲ, ಎತ್ತರದ ಪೆಟ್ಟಿಗೆ ಮಾಡಿ, ಮುಂದಿನ ಗೋಡೆಯ ಮೇಲಿನ ಅರ್ಧ ತೆರೆದಿಡಿ. ಮುಚ್ಚಳ ಮೇಲಿನಿಂದ ತೆಗೆಯುವಂತಿರಲಿ. ಒಳಗೆ ಬಣ್ಣ ಬಳಿಯಬೇಡಿ. ಕೆಲವು ಜೋಡಿಗಳು ಇದ್ಯಾವುದನ್ನೂ ಒಪ್ಪುವುದಿಲ್ಲ. ಅಂಥವಕ್ಕೆ ಒಂದು ಮೂಲೆಯಲ್ಲಿ ಹುಣಸೆ ಬರಲನ್ನು ಒತ್ತಾಗಿ ಹೊರೆ ಕಟ್ಟಿ ನಿಲ್ಲಿಸಿ. ಅದರೊಳಗೆ ತಾವೇ ಚೆಂಡು ಕಟ್ಟಿಕೊಳ್ಳುತ್ತವೆ. ನೋಡಲು ಅದೇ ಚೆಂದ ಎಂದು ನನ್ನ ಅಭಿಪ್ರಾಯ.

ಎಷ್ಟು ಕಟ್ಟಬೇಕು? ನಾಲ್ಕು ಜೋಡಿಗೆ ಎಂಟು. ಎಂಟೇ? ಹೌದು, ಜೋಡಿಗೆ ಎರಡರ ಲೆಕ್ಕ. ನಾಲ್ಕು ಜೋಡಿಗೆ ಎರಡೇ ಕುಡಿಕೆ ಇದ್ದರೆ ಒಂದರೊಳಗೆ ಎರಡು ಹೆಣ್ಣು ನುಗ್ಗಿ ಮೊಟ್ಟೆ ಇಡುತ್ತವೆ, ಒಂದು ಕೂತರೆ ಇನ್ನೊಂದು ಎಬ್ಬಿಸುತ್ತೆ, ಗಂಡುಗಳು ಬಾಗಿಲಲ್ಲೇ ಜಗಳ ಆಡುತ್ತವೆ. ಮೊಟ್ಟೆ ಒಡೆಯುತ್ತೆ, ತಣ್ಣಗಾಗುತ್ತೆ. ಎಲ್ಲವೂ ಒಂದೇ ಎತ್ತರದಲ್ಲಿರಲಿ, ಯಾಕೆಂದರೆ ಎಲ್ಲಕ್ಕೂ ಎತ್ತರದ್ದೇ ಬೇಕು. ಒಂದು ಮೇಲೆ ಮೂರು ಕೆಳಗೆ ಇಟ್ಟರೆ ಆ ಒಂದಕ್ಕಾಗಿ ಯುದ್ಧ. ಒಂದರ ಬಾಗಿಲು ಇನ್ನೊಂದಕ್ಕೆ ಎದುರಾಗದಂತೆ ಕಟ್ಟಿ. ಕಾಳಿನ ತಟ್ಟೆ, ನೀರಿನ ಬಟ್ಟಲಿನ ಮೇಲ್ಗಡೆ ಕಟ್ಟಬೇಡಿ, ಹಿಕ್ಕೆ ಬೀಳುತ್ತೆ.

ಜಾಗ ಹಕ್ಕಿಮನೆಯ ಹಿಂಭಾಗದಲ್ಲಿ, ಮಾಡು ಇರುವ ಕಡೆ. ಪಶ್ಚಿಮದ ಬಿಸಿಲು, ಮಳೆಯ ಎರಚಲು ತಾಗಬಾರದು. ಜನ ಓಡಾಡುವ ಬಾಗಿಲಿನಿಂದ ದೂರ ಇರಬೇಕು. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿದ್ದರೆ ಇಲಿ, ಹಾವು ಬರುತ್ತವೆ. ಗೂಡಿನಲ್ಲಿ ಮರಿ ಇದ್ದಾಗ ಇರುವೆ ಮುತ್ತಿದರೆ ಬೆಳಗಾಗುವುದರೊಳಗೆ ಮುಗಿಯಿತು. ಅಡುಗೆಮನೆಯ ಬೀರುವಿನ ಕಾಲುಗಳನ್ನು ಅಜ್ಜಿ ನೀರಿನ ಬಟ್ಟಲಲ್ಲಿ ಇಡುತ್ತಾರಲ್ಲ, ಹಕ್ಕಿಮನೆಯ ಕಂಬಗಳಿಗೂ ಅದೇ ಉಪಾಯ. ನೀರು ಒಣಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಇನ್ನು ಗೂಡಿನ ಸಾಮಾನು. ಜೀಬ್ರಾ ಫಿಂಚ್‌ನಲ್ಲಿ ಗಂಡು ಹುಲ್ಲು ತರುತ್ತೆ, ಹೆಣ್ಣು ಹೆಚ್ಚಾಗಿ ಒಳಗಿರುತ್ತೆ. ಗಂಡು ಸಿಕ್ಕಿದ್ದನ್ನೆಲ್ಲ ತರುವ ಪೆದ್ದ ಅಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಸೂ ಹೀಲಿ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೆತ್ತನೆಯ, ಬಾಗುವ ದಾರದಲ್ಲಿ ಒಮ್ಮೆ ಗೂಡು ಕಟ್ಟಿದ ಗಂಡುಗಳಿಗೆ ಆಮೇಲೆ ಮೆತ್ತನೆಯ ದಾರ, ಬಿರುಸು ದಾರ ಎರಡನ್ನೂ ಇಟ್ಟರೆ ಬಿರುಸಿನದನ್ನೇ ಆರಿಸಿಕೊಂಡವು. ಬಿರುಸು ದಾರದಲ್ಲಿ ಕಡಿಮೆ ಎಳೆಗೇ ಗೂಡು ನಿಲ್ಲುತ್ತದೆ. 2014ರಲ್ಲಿ ಪ್ರಕಟವಾದ ಕೆಲಸ ಇದು. ಇನ್ನೊಂದು ಪರೀಕ್ಷೆಯಲ್ಲಿ ಪಂಜರದ ಗೋಡೆಗೆ ಬಣ್ಣದ ಕಾಗದ ಅಂಟಿಸಿ, ಎರಡು ಬಣ್ಣದ ಕಾಗದದ ಚೂರು ಕೊಟ್ಟರು. ಹೆಚ್ಚಿನ ಗಂಡುಗಳು ಗೋಡೆಗೆ ಹೊಂದುವ ಬಣ್ಣವನ್ನೇ ತಂದು ಗೂಡು ಕಟ್ಟಿದವು. ಅಡಗಿಸುವ ಬುದ್ಧಿ!

ಆದ್ದರಿಂದ ಹತ್ತಿ, ಮೆತ್ತನೆ ದಾರ ಕೊಡಬೇಡಿ. ಅದು ಗೂಡಿಗೂ ಒದಗದು, ಮರಿಯ ಕಾಲಿಗೂ ಸುತ್ತಿಕೊಳ್ಳುತ್ತೆ. ಸುತ್ತಿದ ದಾರ ಬಿಗಿಯಾಗಿ ಪಾದವೇ ಒಣಗಿ ಉದುರುವುದುಂಟು. ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ತಲೆಗೂದಲು ಇನ್ನೂ ಅಪಾಯ. ಒಣಗಿಸಿದ ಗರಿಕೆ, ಬದುವಿನ ಹುಲ್ಲು, ಲಾವಂಚದ ಬೇರು ಒಳ್ಳೆಯದು. ತೆಂಗಿನ ನಾರು ಪರವಾಗಿಲ್ಲ, ಆದರೆ ಬಿಡಿಸಿ ಮೂರು ಇಂಚಿಗೆ ಕತ್ತರಿಸಿ ಕೊಡಿ. ಕೊನೆಗೆ ಒಳಗೆ ಹಾಸಲು ಕೋಳಿ ಪುಕ್ಕ ನಾಲ್ಕಾರು, ತೊಳೆದು ಬಿಸಿಲಲ್ಲಿ ಒಣಗಿಸಿದ್ದು. ಬಿಳಿ ಪುಕ್ಕ ಕಂಡರೆ ಇವಕ್ಕೆ ಹಬ್ಬ.

ಈಗ ಚೀಟಿಯ "ದಿನಾ ನಾರು ಹಾಕ್ತೀವಿ" ಎಂಬ ಮಾತಿಗೆ ಬರೋಣ. ಮೊದಲ ಮೊಟ್ಟೆ ಕಂಡ ದಿನವೇ ನಾರು, ಹುಲ್ಲು ಎಲ್ಲವನ್ನೂ ಹಕ್ಕಿಮನೆಯಿಂದ ತೆಗೆದುಬಿಡಬೇಕು. ಇಲ್ಲದಿದ್ದರೆ ಗಂಡು ತರುತ್ತಲೇ ಇರುತ್ತೆ. ಮೊಟ್ಟೆಯ ಮೇಲೆ ಹೊಸ ಹಾಸಿಗೆ ಬೀಳುತ್ತೆ, ಹೆಣ್ಣು ಅದರ ಮೇಲೆ ಮತ್ತೆ ಮೊಟ್ಟೆ ಇಡುತ್ತೆ, ಅದರ ಮೇಲೆ ಇನ್ನೊಂದು ಹಾಸಿಗೆ. ಅಂಥ ಕುಡಿಕೆ ಬಿಚ್ಚಿದರೆ ಈರುಳ್ಳಿಯ ಪದರದ ಹಾಗೆ ಮೂರು ನಾಲ್ಕು ಅಂತಸ್ತು ಸಿಗುತ್ತದೆ. ಒಂದಕ್ಕೂ ಕಾವು ಸಿಕ್ಕಿರುವುದಿಲ್ಲ.

ಇದರಿಂದ ಹೋಗುವುದು ಬರೀ ಮೊಟ್ಟೆಯಲ್ಲ. ಒಂದು ಲೆಕ್ಕ ಮಾಡಿ. ಹೆಣ್ಣಿನ ತೂಕ 12 ಗ್ರಾಂ, ಒಂದು ಮೊಟ್ಟೆ ಸುಮಾರು 1 ಗ್ರಾಂ. ದಿನಕ್ಕೊಂದರಂತೆ ಐದು ದಿನದಲ್ಲಿ 5 ಮೊಟ್ಟೆ ಎಂದರೆ 5 ಗ್ರಾಂ. ನಿಮ್ಮ ತೂಕ 30 ಕಿಲೋ ಇದ್ದರೆ ಅದೇ ಲೆಕ್ಕದಲ್ಲಿ ಎಷ್ಟಾಯಿತು? ಹನ್ನೆರಡೂವರೆ ಕಿಲೋ! ಐದು ದಿನದಲ್ಲಿ ಅಷ್ಟನ್ನು ಮೈಯಿಂದ ತೆಗೆದು ಕೊಟ್ಟ ಹಾಗೆ. ಚಿಪ್ಪಿನ ಸುಣ್ಣವೂ ಅದರ ಮೈಯದೇ, ಸಾಲದಿದ್ದರೆ ಮೂಳೆಯಿಂದ ತೆಗೆಯುತ್ತೆ. ಎಡೆಬಿಡದೆ ಇಡುತ್ತಾ ಹೋದ ಹೆಣ್ಣಿಗೆ ಸುಣ್ಣ ತೀರಿ, ಮೊಟ್ಟೆಯನ್ನು ಹೊರಗೆ ತಳ್ಳುವ ಶಕ್ತಿಯೂ ಇಲ್ಲದೆ, ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಹಕ್ಕಿ ಪುಕ್ಕ ಉಬ್ಬಿಸಿಕೊಂಡು ನೆಲದ ಮೇಲೆ ಕೂತರೆ ಇದೇ ಇರಬಹುದು ಎಂದು ತಿಳಿಯಬೇಕು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತೆ. ಬೇರೆ ಮಾಡಿ, ಬೆಚ್ಚಗಿಟ್ಟು, ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಚೀಟಿಯಲ್ಲಿರುವ ಹೆಣ್ಣು ಹೀಗೇ ಸತ್ತಿತು ಎಂದು ನೋಡದೆ ಹೇಳಲಾಗದು, ಆದರೆ ಲಕ್ಷಣ ಹಾಗೇ ಕಾಣುತ್ತೆ.

ಇದಕ್ಕೆ ಮದ್ದಿಗಿಂತ ಮುನ್ನೆಚ್ಚರಿಕೆ ಅಗ್ಗ. ಕೋಳಿ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ರವೆಯಷ್ಟು ಕುಟ್ಟಿ ಒಂದು ಬಟ್ಟಲಲ್ಲಿ ಯಾವಾಗಲೂ ಇಡಿ. ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಕೊಡುವ ಬಿಳಿ ಚಕ್ಕೆಯೂ ಆಗುತ್ತೆ. ಅದು ನೊರೆಯಲ್ಲ, ಕಟಲ್ ಎಂಬ ಕಡಲ ಪ್ರಾಣಿಯ ಮೈಯೊಳಗಿನ ಚಿಪ್ಪು.

ಮೊದಲ ಎರಡು ಮೂರು ದಿನ ಹಕ್ಕಿ ಸರಿಯಾಗಿ ಕಾವಿಗೆ ಕೂರದಿದ್ದರೆ ಹೆದರಬೇಡಿ. ಮೂರು ನಾಲ್ಕು ಮೊಟ್ಟೆ ಆದ ಮೇಲೆಯೇ ಗಟ್ಟಿಯಾಗಿ ಕೂರುವುದು. ಗಂಡು ಹೆಣ್ಣು ಸರದಿಯಂತೆ ಕೂರುತ್ತವೆ. 12ರಿಂದ 14 ದಿನಕ್ಕೆ ಮರಿ. ಮತ್ತೆ ಸುಮಾರು 20 ದಿನಕ್ಕೆ ಗೂಡಿನಿಂದ ಹೊರಗೆ. ಆಮೇಲೂ ಎರಡು ವಾರ ಅಪ್ಪ ಅಮ್ಮನೇ ತಿನ್ನಿಸಬೇಕು, ರಾತ್ರಿ ಮಲಗಲು ಅದೇ ಗೂಡಿಗೆ ಬರುತ್ತವೆ. ಮರಿ ಹಾರಿತು ಎಂದು ಅವತ್ತೇ ಕುಡಿಕೆ ಬಿಚ್ಚಬೇಡಿ. ಗಂಡು ಮರಿ ಹಾಡು ಕಲಿಯುವುದೂ ಅಪ್ಪನನ್ನು ಕೇಳಿಯೇ. ಅದಕ್ಕೂ ಸಮಯ ಬೇಕು.

ಮೊಟ್ಟೆಯೊಳಗಿನ ಮರಿ ಕೇಳಿಸಿಕೊಳ್ಳುತ್ತದೆಯೆ? ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದ ಮಿಲೀನ್ ಮರಿಯೆಟ್ ಮತ್ತು ಕ್ಯಾಥರೀನ್ ಬುಕಾನನ್ 2016ರಲ್ಲಿ ಒಂದು ಸೋಜಿಗ ತಿಳಿಸಿದರು. ಹೊರಗೆ 26 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದಾಗ, ಕಾವಿನ ಕೊನೆಯ ದಿನಗಳಲ್ಲಿ, ಜೀಬ್ರಾ ಫಿಂಚ್ ತಂದೆತಾಯಿ ಮೊಟ್ಟೆಗಳ ಮೇಲೆ ಕೂತು ಒಂದು ವಿಶೇಷ ಸ್ವರ ಹೊರಡಿಸುತ್ತವೆ. ಆ ಸ್ವರ ಕೇಳಿದ ಮೊಟ್ಟೆಯ ಮರಿಗಳು ಬಿಸಿ ಗೂಡಿನಲ್ಲಿ ಕಡಿಮೆ ತೂಕ ಬೆಳೆಸಿಕೊಂಡವು. ಸೆಕೆಗೆ ಸಣ್ಣ ಮೈ ಅನುಕೂಲ. ಹಾಗಂತ ಕುಡಿಕೆಯನ್ನು ಬಿಸಿಲಿಗೆ ಕಟ್ಟಬೇಡಿ. ಕಾದ ಕುಡಿಕೆಯೊಳಗೆ ಯಾವ ಸ್ವರವೂ ಮೊಟ್ಟೆಯನ್ನು ಉಳಿಸದು.

ಇಣುಕುವ ವಿಷಯ: ಜೀಬ್ರಾ ಫಿಂಚ್ ಸ್ವಲ್ಪ ಸಹಿಸುತ್ತೆ. ಎರಡೂ ಹೊರಗಿದ್ದಾಗ ವಾರಕ್ಕೊಮ್ಮೆ ನೋಡಿದರೆ ಸಾಕು. ದಿನಾ ನೆಂಟರಿಗೆಲ್ಲ ಮುಚ್ಚಳ ತೆಗೆದು ತೋರಿಸಿದರೆ ಬಿಟ್ಟುಹೋಗುತ್ತವೆ.

ಎಲ್ಲ ಫಿಂಚ್‌ಗೂ ಇದೇ ಗೂಡು ಆಗುವುದಿಲ್ಲ. ಬಣ್ಣ ಬಣ್ಣದ ಗೂಲ್ಡಿಯನ್ ಫಿಂಚ್ ಉತ್ತರ ಆಸ್ಟ್ರೇಲಿಯದ್ದು. ಅದು ಪೊದೆಯಲ್ಲಿ ಕಟ್ಟುವುದಿಲ್ಲ, ಹಳೆಯ ನೀಲಗಿರಿ ಜಾತಿಯ ಮರಗಳ ಪೊಟರೆಯಲ್ಲಿ ಇಡುತ್ತದೆ. (ನಮ್ಮ ತೋಪಿನ ನೀಲಗಿರಿಯಲ್ಲಿ ಪೊಟರೆ ಎಲ್ಲಿ ಎಂದು ಕೇಳಬೇಡಿ, ಪೊಟರೆ ಆಗುವಷ್ಟು ವಯಸ್ಸಾಗಲು ನಾವು ಬಿಡುವುದಿಲ್ಲ.) ಕತ್ತಲೆ ಪೊಟರೆಯಲ್ಲಿ ಅದರ ಮರಿಯ ಬಾಯಿಯ ಎರಡು ಮೂಲೆಯಲ್ಲಿ ನೀಲಿ ಮಣಿಗಳಂಥ ಗುಳ್ಳೆ ಇರುತ್ತವೆ. ಇದ್ದಷ್ಟು ಬೆಳಕಿಗೇ ಹೊಳೆಯುತ್ತವೆ. ಇದಕ್ಕೆ ಅರ್ಧ ತೆರೆದ ಪೆಟ್ಟಿಗೆ ಕೊಟ್ಟರೆ ಒಪ್ಪುವುದು ಕಷ್ಟ. ಆಳವಾದ, ಎರಡು ಇಂಚಿನ ದುಂಡು ತೂತಿನ, ಒಳಗೆ ಕತ್ತಲೆಯಿರುವ ಪೆಟ್ಟಿಗೆಯೇ ಬೇಕು. ಇಣುಕಿದರೆ ಬಿಟ್ಟೇಹೋಗುತ್ತೆ.

ಬೆಂಗಾಲೀಸ್ ಫಿಂಚ್ ಇದಕ್ಕೆ ಪೂರ್ತಿ ಉಲ್ಟಾ. ಯಾವ ಡಬ್ಬಿ ಕೊಟ್ಟರೂ ಸರಿ, ಯಾರ ಮೊಟ್ಟೆ ಕೊಟ್ಟರೂ ಸರಿ, ಸಾಕುತ್ತೆ. ಗೂಲ್ಡಿಯನ್ ಬಿಟ್ಟುಹೋದ ಮೊಟ್ಟೆಗೂ ಇದೇ ಸಾಕುತಾಯಿ. ಆದರೆ ಎಲ್ಲವೂ ಒಂದೇ ಗೂಡಿಗೆ ತುಂಬಿಕೊಂಡು ಮಲಗುವುದರಿಂದ ಮೊಟ್ಟೆ ತುಳಿದುಹೋಗುತ್ತವೆ. ಮರಿ ಬೇಕಾದರೆ ಒಂದೊಂದು ಜೋಡಿಯನ್ನು ಬೇರೆ ಇಡಬೇಕು. ಹೆಸರಿನಲ್ಲಿ ಬಂಗಾಳ ಇದ್ದರೂ ಈ ತಳಿ ಆದದ್ದು ಜಪಾನಿನಲ್ಲಿ. ಸುಮಾರು 250 ವರ್ಷಗಳ ಹಿಂದೆ ಚೀನಾದಿಂದ ತಂದ ಒಂದು ಕಾಡುಹಕ್ಕಿಯಿಂದ. ಆ ಕಾಡುಹಕ್ಕಿ ಯಾವುದು? ನಮ್ಮ ಮಲೆನಾಡಿನಲ್ಲೂ ಕಾಣುವ, ಸೊಂಟದ ಹತ್ತಿರ ಬಿಳಿ ಪಟ್ಟೆಯಿರುವ ರಾಟವಾಳದ ಜಾತಿಯದೇ!

ಈ ಮಾತು ಬಂದದ್ದರಿಂದ ಇನ್ನೊಂದನ್ನು ಬಿಡಿಸಿ ಹೇಳಬೇಕು. ರಾಟವಾಳವೂ ಜೀಬ್ರಾ ಫಿಂಚೂ ಒಂದೇ ಕುಟುಂಬ. ಆದರೆ ನಮ್ಮ ಕಾಡು ಹೊಲಗಳ ರಾಟವಾಳವನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಂತೆಗಳಲ್ಲಿ ಇವಕ್ಕೆ ಹಸಿರು, ಕೆಂಪು ಬಣ್ಣ ಬಳಿದು ಮಾರುವುದುಂಟು. ಚೌಕಾಸಿ ಮಾಡಿ ಒಂದು ಬಿಡಿಸಿಕೊಂಡು ಬಂದರೂ ಅವರು ನಾಳೆ ಇನ್ನೆರಡು ಹಿಡಿಯುತ್ತಾರೆ. ಕೊಳ್ಳಬೇಡಿ. ರಾಟವಾಳಕ್ಕೆ ನಮ್ಮ ಕುಡಿಕೆಯೂ ಬೇಡ. ಬದುವಿನ ಬೇಲಿ, ಜಾಲಿ ಪೊದೆ, ನಿಂಬೆ ಗಿಡ ಕಡಿಯದೆ ಬಿಟ್ಟರೆ ಮಳೆಗಾಲದಲ್ಲಿ ಉದ್ದನೆಯ ಹುಲ್ಲಿನ ಎಳೆ ಕಚ್ಚಿಕೊಂಡು ಬಾಲಂಗೋಚಿಯ ಹಾಗೆ ಹಾರಿಸುತ್ತಾ ತಾವೇ ಬರುತ್ತವೆ. ದೂರ ನಿಂತು ನೋಡಿ. ಮೇಲೆ ಹೇಳಿದ ಹುಲ್ಲಿನ ಚೆಂಡು, ಪಕ್ಕದ ಬಾಗಿಲು, ಎಲ್ಲ ಅಲ್ಲೇ ಕಾಣುತ್ತೆ.

ಕೊನೆಗೆ ಕಾಲದ ಲೆಕ್ಕ. ಗೂಡು ಕಟ್ಟುವುದರಿಂದ ಮರಿ ತಾನೇ ಕಾಳು ತಿನ್ನುವವರೆಗೆ ಹತ್ತಿರ ಹತ್ತಿರ ಎರಡು ತಿಂಗಳು. ಒಂದು ಜೋಡಿಗೆ ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ, ಎರಡಾದರೆ ಇನ್ನೂ ಒಳ್ಳೆಯದು. ಅಂದರೆ ಜೂನ್ ಕೊನೆಗೆ ಕಟ್ಟಿದ ಕುಡಿಕೆಗಳು ಡಿಸೆಂಬರಿಗೆ ಕೆಳಗಿಳಿಯಬೇಕು. ಹಳೆಯ ಹುಲ್ಲನ್ನು ಸುಟ್ಟುಹಾಕಿ, ಕುಡಿಕೆಗೆ ಕುದಿಯುವ ನೀರು ಹುಯ್ದು, ನಾಲ್ಕು ದಿನ ಬಿಸಿಲಲ್ಲಿ ಬೋರಲು ಹಾಕಿ ಅಟ್ಟದ ಮೇಲಿಡಿ. ಗೂಡಿಲ್ಲದಿದ್ದರೂ ಕಾಳಿನ ತಟ್ಟೆಯಲ್ಲೇ ಮೊಟ್ಟೆ ಇಡುವ ಹಠಮಾರಿಗಳಿದ್ದರೆ ಗಂಡು ಹೆಣ್ಣುಗಳನ್ನು ಕೆಲವು ತಿಂಗಳು ಬೇರೆ ಬೇರೆ ಮಾಡಿ. ಬೇಸಿಗೆ ಪೂರ್ತಿ ವಿಶ್ರಾಂತಿ. ಮತ್ತೆ ಕಟ್ಟುವುದು ಮುಂಗಾರು ಹಿಡಿದು, ಬದುವಿನಲ್ಲಿ ಹೊಸ ಗರಿಕೆ ಬಂದ ಮೇಲೆ.